ಮಾತಿಲ್ಲದ ಮೂರು ಹಾರಾಟ

ಹದಿನೆಂಟು ಸಾವಿರ ಗಂಟೆ ವಿಮಾನ ಹಾರಿಸಿದ್ದ ಮನುಷ್ಯನಿಗೆ ಹಾರಾಟ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಜಿನ್ನಿಲ್ಲದ ವಿಮಾನ ಹಾರಿಸುವ ನಮ್ಮ ಗ್ಲೈಡಿಂಗ್ ಕ್ಲಬ್ಬಿನಲ್ಲಿ ಇದ್ದದ್ದು ಇಬ್ಬರೇ ಶಿಕ್ಷಕರು. ಇನ್ನೊಬ್ಬರು ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದರು.

ಆ ಪೈಲಟ್ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಶೆಡ್ಡಿನ ಮೂಲೆಯಲ್ಲಿದ್ದ ನನ್ನ ಮೇಜಿನ ಮೇಲೆ ಹಾರಾಟದ ಲೆಕ್ಕ ಬರೆದಿಡುವ ನಾಲ್ಕು ಲಾಗ್‌ಬುಕ್ಕುಗಳನ್ನು ಒಂದರ ಮೇಲೊಂದಿಟ್ಟು ಕೈಕಟ್ಟಿ ನಿಂತರು. ಮೂರು ತುಂಬಿದ್ದವು, ಮೇಲಿನದು ಹೊಸದು, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಅರವತ್ತೊಂದು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಭುಜದ ಮೇಲೆ ದರ್ಜೆಯ ಪಟ್ಟಿ ತೂರಿಸುವ ಕುಣಿಕೆಗಳು ಖಾಲಿಯಾಗಿದ್ದವು.

ಹೆಸರು ಹೇಳುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಮೂರು ವರ್ಷದ ಹಿಂದೆ ಆ ಮುಖ ಒಂದು ವಾರ ಪತ್ರಿಕೆಗಳಲ್ಲಿತ್ತು. ಸರಕು ಸಾಗಿಸುವ ವಿಮಾನ, ಒಳಗೆ ಇದ್ದವರು ಇಬ್ಬರೇ: ಎಡಗಡೆ ಇವರು, ಬಲಗಡೆ ಇಪ್ಪತ್ತಾರು ವರ್ಷದ ಕೋ-ಪೈಲಟ್. ಇಳಿಯುವಾಗ ಎತ್ತರ ಹೆಚ್ಚಿತ್ತು, ವೇಗವೂ ಹೆಚ್ಚಿತ್ತು. ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಗೋಡೆಗೆ ಬಡಿದದ್ದು ಬಲಭಾಗ. ಕ್ಯಾಪ್ಟನ್ ಗಮನಿಸಲಿಲ್ಲ, ಎಚ್ಚರಿಸಬೇಕಾಗಿದ್ದ ಕೋ-ಪೈಲಟ್ ಬಾಯಿ ಬಿಡಲಿಲ್ಲ ಎಂದು ತನಿಖೆಯವರು ಬರೆದರು. ತಪ್ಪನ್ನು ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ಬದುಕಿದವರಿಗೂ ಇನ್ನೊಂದನ್ನು ಸತ್ತವನಿಗೂ ಕೊಟ್ಟಿದ್ದರು. ಆರು ತಿಂಗಳ ಮೇಲೆ ಇವರ ಲೈಸೆನ್ಸ್ ವಾಪಸ್ ಬಂತು, ಕೆಲಸ ಬರಲಿಲ್ಲ.

ಅದನ್ನು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

"ಗ್ಲೈಡರಲ್ಲಿ ಒಬ್ಬನೇ ಹಾರ್ಬೇಕು ಅಂದ್ರೆ ಏನೇನು ಬೇಕು, ಮೇಡಂ?" ಎಂದರು.

"ನನ್ನ ಸಹಿ."

"ಅದು ಸಿಗೋಕೆ?"

ನಿಯಮಗಳ ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಇಂಜಿನ್ ವಿಮಾನದ ಲೈಸೆನ್ಸ್ ಇರುವವರು ಅ ಆ ಇ ಈಯಿಂದ ಶುರು ಮಾಡಬೇಕಾಗಿಲ್ಲ. ಹವಾಮಾನದ ಪರೀಕ್ಷೆ ಇಲ್ಲ, ಅರವತ್ತು ಪಾಠಗಳ ಲೆಕ್ಕ ಇಲ್ಲ. ಆದರೆ ಶಿಕ್ಷಕರು ಲಾಗ್‌ಬುಕ್ಕಿನಲ್ಲಿ ಬರೆದುಕೊಡುವವರೆಗೆ ಒಂಟಿಯಾಗಿ ಏರುವ ಹಾಗಿಲ್ಲ. ಬರೆದುಕೊಟ್ಟದ್ದು ಈ ಒಂದು ಮಾದರಿಯ ಗ್ಲೈಡರಿಗೆ, ಈ ಒಂದು ಮೈದಾನಕ್ಕೆ ಮಾತ್ರ. ಅದಾದ ಮೇಲೆ ಹತ್ತು ಸಲ ಒಬ್ಬರೇ ಹಾರಬೇಕು, ಆಮೇಲೆ ಪರೀಕ್ಷೆ. ಅಲ್ಲಿಯವರೆಗೆ ಜೊತೆಗೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ.

ಕೊನೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು. "ಯಾರನ್ನೂ," ಎಂದು ಮೆಲ್ಲಗೆ ಓದಿದರು. "ಇದು ಒಳ್ಳೇ ನಿಯಮ."

"ಸಹಿಗೆ ಮುಂಚೆ ಇನ್ನೊಂದಿದೆ. ಶಿಕ್ಷಕರ ನೆರವಿಲ್ಲದೆ, ಒಂದರ ಹಿಂದೆ ಒಂದು, ಮೂರು ಹಾರಾಟ. ನಾನು ಹಿಂದಿನ ಸೀಟಲ್ಲಿ ಇರ್ತೀನಿ. ಆದ್ರೆ ಹಿಡಿಕೆ ಮುಟ್ಟಲ್ಲ, ಮಾತೂ ಆಡಲ್ಲ."

ನೆರವಿಲ್ಲದೆ ಅಂದರೆ ಕೈ ಹಾಕದೆ ಎಂದಷ್ಟೇ ಬೇರೆ ಕಡೆಗಳಲ್ಲಿ ಅರ್ಥ ಮಾಡುತ್ತಾರೆ. ನಮ್ಮ ಕ್ಲಬ್ಬಿನಲ್ಲಿ ಹಿಂದಿನಿಂದಲೂ ಬಾಯಿಯೂ ಲೆಕ್ಕ. ಶಿಕ್ಷಕಿ ಒಂದು ಶಬ್ದ ಆಡಿದರೆ ಎಣಿಕೆ ಸೊನ್ನೆಯಿಂದ. ನನಗೆ ಕಲಿಸಿದವರು ಹಾಗೆ ಮಾಡಿದ್ದರು, ನಾನೂ ಹಾಗೆಯೇ ಮಾಡುತ್ತಾ ಬಂದಿದ್ದೆ. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಹಿಂದೆ ಕೂತವರ ಮೌನದಲ್ಲಿ ಮುಂದೆ ಕೂತವರಿಗೆ ಧೈರ್ಯ ಬರುತ್ತದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ಒಂದು ಮಾತೂ ಇಲ್ವಾ?"

"ಒಂದೂ ಇಲ್ಲ. ನಾನು ಸುಮ್ಮನಿದ್ದೀನಿ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ."

ಅವರು ಲಾಗ್‌ಬುಕ್ಕಿನ ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು.

*

ಪಾಠ ಶುರುವಾಯಿತು. ನಮ್ಮ ಮೈದಾನದ ಆ ತುದಿಯಲ್ಲಿ ವಿಂಚ್ ಇದೆ. ಹಳೇ ಲಾರಿಯ ಇಂಜಿನ್ನಿಗೆ ದೊಡ್ಡ ರಾಟೆ ಕಟ್ಟಿದ ಯಂತ್ರ. ಕಿಲೋಮೀಟರ್ ಉದ್ದದ ಹಗ್ಗವನ್ನು ಅದು ಸರ್ರನೆ ಸುತ್ತಿಕೊಳ್ಳುತ್ತದೆ, ಈ ತುದಿಯಲ್ಲಿರುವ ಗ್ಲೈಡರ್ ಗಾಳಿಪಟದಂತೆ ಮೇಲೇರುತ್ತದೆ. ಮುನ್ನೂರು ಮೀಟರ್ ಎತ್ತರದಲ್ಲಿ ಹಗ್ಗ ಕಳಚಿಕೊಂಡರೆ ಆಮೇಲೆ ಇಂಜಿನ್ನೂ ಇಲ್ಲ, ಸದ್ದೂ ಇಲ್ಲ. ಐದಾರು ನಿಮಿಷದಲ್ಲಿ ಮೈದಾನವನ್ನು ಒಂದು ಸುತ್ತು ಹಾಕಿ ಇಳಿಯಬೇಕು. ಒಂದೇ ಅವಕಾಶ. ಇಂಜಿನ್ ವಿಮಾನದಂತೆ ಮತ್ತೆ ಮೇಲೇರಿ ಬರುವ ಪ್ರಶ್ನೆ ಇಲ್ಲ.

ವಿಂಚ್ ನಡೆಸುವವನನ್ನು ಎಲ್ಲರೂ ಕರೆಯುವುದು ಹಗ್ಗದಣ್ಣ ಅಂತ. ನನಗಿಂತ ಹತ್ತು ವರ್ಷ ದೊಡ್ಡವನಾದರೂ ನನ್ನನ್ನು ಅಕ್ಕ ಅನ್ನುತ್ತಾನೆ.

"ಏನಕ್ಕಾ, ಇಷ್ಟು ದೊಡ್ಡವರನ್ನ ಒಂದನೇ ಕ್ಲಾಸಿಗೆ ಸೇರಿಸ್ಕೊಂಡಿದ್ದೀಯ?" ಎಂದ ಮೊದಲ ದಿನ, ಅವರಿಗೆ ಕೇಳುವಂತೆಯೇ.

"ನೇರವಾಗಿ ನಾಲ್ಕನೇ ಕ್ಲಾಸಿಗೆ ಬಂದಿದ್ದೀನಪ್ಪ. ನಿಯಮದಲ್ಲಿ ರಿಯಾಯಿತಿ ಇದೆ," ಎಂದರು ಕ್ಯಾಪ್ಟನ್.

"ನೋಡೋಣ, ಸಂಜೆ ಹೊತ್ತಿಗೆ ಎಷ್ಟನೇ ಕ್ಲಾಸಲ್ಲಿ ಇರ್ತೀರೋ."

ಸಂಜೆ ಹೊತ್ತಿಗೆ ಅವರು ಒಂದನೇ ಕ್ಲಾಸಿನಲ್ಲೇ ಇದ್ದರು. ಕಾಲು ಆಡುತ್ತಿರಲಿಲ್ಲ. ದೊಡ್ಡ ವಿಮಾನಗಳಲ್ಲಿ ತಿರುಗುವಾಗ ಕಾಲಿಗೆ ಕೆಲಸ ಕಡಿಮೆ, ಗ್ಲೈಡರಿನಲ್ಲಿ ಕೈಯಷ್ಟೇ ಕಾಲೂ ದುಡಿಯಬೇಕು. ಮುಂದಿನ ಗಾಜಿನ ಮೇಲೆ ಅಂಟಿಸಿದ ಒಂದು ಗೇಣು ಉಣ್ಣೆದಾರ ನೆಟ್ಟಗಿದ್ದರೆ ಸರಿ, ಓರೆಯಾದರೆ ಕಾಲು ಸೋಮಾರಿಯಾಗಿದೆ ಎಂದು ಅರ್ಥ. ಅವರ ದಾರ ಓರೆಯಲ್ಲೇ ಇರುತ್ತಿತ್ತು. ಇಳಿಯುವಾಗ ಇನ್ನೊಂದು. ನೆಲದಿಂದ ನಾಲ್ಕು ಮೀಟರ್ ಮೇಲೆಯೇ ವಿಮಾನದ ಮೂಗು ಎತ್ತಿಬಿಡುತ್ತಿದ್ದರು. ಗ್ಲೈಡರ್ ಅಲ್ಲೇ ಸುಸ್ತಾಗಿ, ದೊಪ್ಪನೆ ಬೀಳುತ್ತಿತ್ತು.

"ಕ್ಯಾಪ್ಟನ್, ನೀವಿನ್ನೂ ದೊಡ್ಡ ವಿಮಾನದ ಮಹಡಿ ಮೇಲೆ ಕೂತಿದ್ದೀರಿ. ಇಲ್ಲಿ ನೆಲ ನಿಮ್ಮ ಸೊಂಟದ ಕೆಳಗೇ ಇದೆ," ಎಂದೆ.

"ಸೊಂಟಕ್ಕೆ ಅದು ಗೊತ್ತಾಗಿದೆ ಮೇಡಂ, ಚೆನ್ನಾಗೇ ಗೊತ್ತಾಗಿದೆ," ಎಂದು ಬೆನ್ನು ಹಿಡಿದುಕೊಂಡು ಇಳಿದರು.

ಆದರೆ ಕಲಿತರು. ಹಿಂದಿನ ಸೀಟಿನಿಂದ ನಾನು ಹೇಳುತ್ತಾ ಹೋಗುತ್ತಿದ್ದೆ: ವೇಗ ತೊಂಬತ್ತು, ಬಲಗಾಲು, ಈಗ ತಿರುಗಿ, ಬ್ರೇಕ್ ಅರ್ಧ. ಎಡಗೈಯಲ್ಲಿ ಬ್ರೇಕಿನ ಹಿಡಿಕೆ ಎಳೆದರೆ ರೆಕ್ಕೆಗಳ ಮೇಲೆ ಬ್ರೇಕಿನ ತಗಡುಗಳು ಎದ್ದು ನಿಲ್ಲುತ್ತವೆ, ಗ್ಲೈಡರ್ ಇಳಿಯುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಅವರು ಆ ತಗಡುಗಳನ್ನು ಹಾಲು ಉಕ್ಕದಂತೆ ಉರಿ ಸಣ್ಣ ಮಾಡುವವರ ಹಾಗೆ ನಯವಾಗಿ ಆಡಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅಂಥ ಕೈಯನ್ನು ನಾನು ಕಂಡಿರಲಿಲ್ಲ. ಇನ್ನು ನಾನು ಬಾಯಿ ಮುಚ್ಚಿದರೆ ಸಾಕು ಎಂದುಕೊಂಡೆ.

ಬಾಯಿ ಮುಚ್ಚಿದೆ. ಎಲ್ಲ ಕೆಟ್ಟಿತು.

ಮೊದಲ ಮೌನ ಹಾರಾಟದಲ್ಲಿ ಹಗ್ಗ ಕಳಚಿದ ಕೂಡಲೇ ಅವರು "ವೇಗ?" ಎಂದರು. ನಾನು ಉತ್ತರಿಸಲಿಲ್ಲ. ವೇಗಮಾಪಕ ಅವರ ಕಣ್ಣೆದುರಿಗೇ ಇತ್ತು. ಆದರೂ ಅವರು ಕಾದರು. ಕಾಯುತ್ತಾ ಕಾಯುತ್ತಾ ಕತ್ತು ಸ್ವಲ್ಪ ಬಲಕ್ಕೆ ತಿರುಗಿತು, ಅಲ್ಲಿ ಯಾರೋ ಇದ್ದ ಹಾಗೆ. ಮೈದಾನದ ಪಕ್ಕದಲ್ಲಿ ಹೋಗುವಾಗ "ಎತ್ತರ?" ಎಂದರು. ನಾನು ಸುಮ್ಮನಿದ್ದೆ. ಅವರ ಕೈ ಬ್ರೇಕಿನ ಹಿಡಿಕೆಯ ಮೇಲೆ ಕಲ್ಲಾಗಿ ಕೂತಿತ್ತು. ಕೊನೆಯ ತಿರುವಿನಲ್ಲಿ ನಾವು ಬೇಕಾದ್ದಕ್ಕಿಂತ ಎಷ್ಟೋ ಮೇಲಿದ್ದೆವು. ಹೀಗೇ ಹೋದರೆ ವಿಂಚನ್ನೂ ದಾಟಿ ಬೇಲಿಗೆ ಹೋಗುತ್ತೇವೆ ಎಂದಾಗ ನಾನು ಬಾಯಿಬಿಟ್ಟೆ: "ಬ್ರೇಕ್, ಪೂರ್ತಿ!" ತಕ್ಷಣ ಕೈ ಆಡಿತು, ದಾರ ನೆಟ್ಟಗಾಯಿತು. ಬೆಣ್ಣೆಯಂತೆ ಇಳಿಸಿದರು.

ಎಣಿಕೆ ಸೊನ್ನೆ.

ಇನ್ನೊಂದು ಸಲ, ಮತ್ತೊಂದು ಸಲ. ಎರಡು ವಾರದಲ್ಲಿ ಏಳು ಪ್ರಯತ್ನ. ಪ್ರತಿ ಸಲವೂ ನಾನು ಮಾತಾಡುವವರೆಗೆ ಮುಂದಿನ ಸೀಟಿನಲ್ಲಿ ಒಬ್ಬ ಮನುಷ್ಯ, ಮಾತಾಡಿದ ಮೇಲೆ ಇನ್ನೊಬ್ಬ.

ಏಳನೆಯದು ಮುಗಿದ ಮೇಲೆ ಇಬ್ಬರೂ ಶೆಡ್ಡಿನ ನೆರಳಿನಲ್ಲಿ ಬೆಂಚಿನ ಮೇಲೆ ಕೂತೆವು. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು, ತೆಗೆಯುತ್ತಿರಲಿಲ್ಲ.

"ನೀವು ಸುಮ್ಮನಾದ್ರೆ ಎಲ್ಲಾ ಸರಿ ಇದೆ ಅಂತ ಅಂದ್ರಿ."

"ಹೌದು."

"ನನಗೆ ಹಾಗೆ ಅನ್ಸಲ್ಲ, ಮೇಡಂ. ಯಾರಾದ್ರೂ ಸುಮ್ಮನಾದ್ರೆ ಏನೋ ಕಂಡಿದೆ, ಹೇಳ್ತಿಲ್ಲ ಅನ್ಸುತ್ತೆ."

ಇಷ್ಟೇ ಹೇಳಿದರು. ನಾನು ಕೇಳಬಹುದಿತ್ತು. ಇಂಥ ಕಡೆ ಕೇಳದಿರುವುದೇ ಮರ್ಯಾದೆ ಎಂದು ನಂಬಿಕೊಂಡವಳು ನಾನು. ಮರ್ಯಾದೆಗೂ ಹೇಡಿತನಕ್ಕೂ ನಡುವಿನ ಗೆರೆ ಎಷ್ಟು ತೆಳ್ಳಗಿರುತ್ತದೆ ಎಂದು ಆಗ ಯೋಚಿಸಲಿಲ್ಲ.

*

ವಾರದ ದಿನಗಳಲ್ಲಿ ನಾನು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುತ್ತೇನೆ. ಬುಧವಾರ ಮಧ್ಯಾಹ್ನ ಒಬ್ಬಳು ಹೆಂಗಸು ಒಳಗೆ ಬಂದು, ಕನ್ನಡಕಗಳನ್ನು ನೋಡುವ ಹಾಗೆ ಮಾಡಿ, ಗಿರಾಕಿಗಳು ಹೋಗುವವರೆಗೆ ಕಾದಳು. ಮೂವತ್ತು ದಾಟಿದ ವಯಸ್ಸು. ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು.

"ಆಂಟಿ, ನಾನು ಕ್ಯಾಪ್ಟನ್ ಮಗಳು."

ಸ್ಟೂಲು ಎಳೆದು ಕೊಟ್ಟೆ. ಕೂರಲಿಲ್ಲ.

"ಅಪ್ಪನಿಗೆ ಸಹಿ ಹಾಕಿಕೊಡ್ಬೇಡಿ."

"ಯಾಕಮ್ಮ?"

"ಮೂರು ವರ್ಷದಿಂದ ಮನೆಯಲ್ಲಿ ರೇಡಿಯೋ ಇಲ್ಲ, ಟೀವಿ ಇಲ್ಲ, ಅಂದ್ರೆ ಅವು ಇವೆ, ಹಾಕಿದ್ರೆ ಮಾತು ಕೇಳಲ್ಲ ಅಂತ ಅಪ್ಪ ಬಿಡಲ್ಲ. ಅಮ್ಮ ಹೋದ ಮೇಲೆ ನಾವಿಬ್ಬರೇ. ಊಟಕ್ಕೆ ಕೂತ್ರೆ ನಾನೇ ಏನಾದ್ರೂ ಮಾತಾಡ್ತಾ ಇರ್ಬೇಕು. ನಿಲ್ಲಿಸಿದ್ರೆ, ಯಾಕೆ ಸುಮ್ಮನಾದೆ, ಏನಾಯ್ತು ಅಂತ ಮೂರು ಮೂರು ಸಲ ಕೇಳ್ತಾರೆ. ಈಗ ನೋಡಿದ್ರೆ, ಒಬ್ಬನೇ ಹಾರ್ಬೇಕು, ಒಬ್ಬನೇ ಹಾರ್ಬೇಕು ಅಂತ ಜಪ." ಅವಳು ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಒಬ್ಬರೇ ಹೋದವರು ವಾಪಸ್ ಬರೋಕೆ ಮನಸ್ಸು ಮಾಡದಿದ್ರೆ?"

ಗಾಜು ಉಜ್ಜುವ ಯಂತ್ರ ಖಾಲಿ ತಿರುಗುತ್ತಿತ್ತು. ಆರಿಸಿದೆ.

"ಹಾಗೇನಾದ್ರೂ ಹೇಳಿದ್ದಾರಾ?"

"ಹೇಳೋರಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ, ಆಂಟಿ?"

ಸಹಿ ನನ್ನದು. ಅವರ ಕೈ ಎಷ್ಟು ಚೆನ್ನಾಗಿದೆ ಎನ್ನುವುದನ್ನು ನಾನು ಅಳೆಯಬಲ್ಲೆ. ಮನಸ್ಸು ಅಳೆಯುವ ಕೋಲು ನನ್ನ ಹತ್ತಿರ ಇರಲಿಲ್ಲ. ಶನಿವಾರ ಕೇಳುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ.

ಶನಿವಾರ ಕೇಳಿದೆ. ಗ್ಲೈಡರಿನ ಗಾಜನ್ನು ಇಬ್ಬರೂ ಒರೆಸುತ್ತಿದ್ದೆವು, ಅವರು ಆ ಕಡೆ, ನಾನು ಈ ಕಡೆ.

"ಕ್ಯಾಪ್ಟನ್, ನೇರವಾಗಿ ಕೇಳ್ತೀನಿ. ಒಬ್ಬರೇ ಹೋದ್ರೆ ಇಳೀತೀರಾ?"

ಅವರ ಬಟ್ಟೆ ನಿಂತಿತು. "ಮಗಳು ಬಂದಿದ್ಲಾ?"

"ಬಂದಿದ್ಲು."

"ಹುಚ್ಚಿ." ಮತ್ತೆ ಒರೆಸತೊಡಗಿ, "ಸಾಯೋಕೆ ಯಾರಾದ್ರೂ ಇಷ್ಟು ಫಾರಂ ತುಂಬ್ತಾರಾ, ಮೇಡಂ?" ಎಂದು ನಕ್ಕರು. ನಗು ಬೇಗ ಮುಗಿಯಿತು. "ನಾನು ಹೋಗ್ತಿರೋದೇ ಇಳಿಯೋಕೆ. ಬರೀ ನನ್ನೊಬ್ಬನ ಜೀವ ಇರೋ ವಿಮಾನವನ್ನ ಒಂದೇ ಒಂದು ಸಲ ಸರಿಯಾಗಿ ಕೆಳಗಿಳಿಸ್ಬೇಕು. ತಪ್ಪಾದ್ರೆ ಪಕ್ಕದವರು ಅದನ್ನ ಅನುಭವಿಸಬಾರದು. ಇಷ್ಟೇ ನನಗೆ ಬೇಕಾಗಿರೋದು."

ನಂಬಿದೆ. ಆದರೂ ಇನ್ನೇನೋ ಉಳಿದಿದೆ ಅನ್ನಿಸಿತು. ಅದು ಏನೆಂದು ಕೇಳುವ ಮೊದಲೇ ಅವರು ಬಟ್ಟೆ ಮಡಚುತ್ತಾ ಹೇಳಿದರು: "ನಿಯಮದ ಪ್ರಕಾರ ನೀವು ಮಾತಾಡಬಾರದು. ನಾನು ಮಾತಾಡಬಾರದು ಅಂತ ಎಲ್ಲೂ ಇಲ್ಲ, ಅಲ್ವಾ?"

"ಇಲ್ಲ."

"ಸರಿ ಹಾಗಾದ್ರೆ."

ಅವತ್ತು ಅವರು ಏರಿದ ಕೂಡಲೇ ತುಟಿಯೊಳಗೇ ಏನೋ ಗೊಣಗತೊಡಗಿದರು. ಗಾಳಿಯ ಸುಯ್ಯೆನ್ನುವ ಸದ್ದಿನಲ್ಲಿ ಹಿಂದಿನ ಸೀಟಿಗೆ ಪದ ತಿಳಿಯುತ್ತಿರಲಿಲ್ಲ. ಪ್ರಶ್ನೆಯಂಥ ಒಂದು ಏರು ದನಿ, ಆಮೇಲೆ ತಗ್ಗಿನದೊಂದು. ಕತ್ತು ಬಲಕ್ಕೆ ತಿರುಗಲಿಲ್ಲ, ದಾರ ನೆಟ್ಟಗೆ ನಿಂತಿತು. ಕೊನೆಯ ತಿರುವಿನ ಹೊತ್ತಿಗೆ ಎತ್ತರ ಎಷ್ಟಿರಬೇಕೋ ಅಷ್ಟು. ನಾನು ತುಟಿ ಬಿಚ್ಚದೆ ಒಂದು ಹಾರಾಟ ಮುಗಿಯಿತು. ಮಧ್ಯಾಹ್ನ ಇನ್ನೊಂದು. ಭಾನುವಾರ ಬೆಳಿಗ್ಗೆ ಮೂರನೆಯದು.

ಹೊಸ ಲಾಗ್‌ಬುಕ್ಕಿನಲ್ಲಿ ತಾರೀಖು, ಗ್ಲೈಡರಿನ ಮಾದರಿ, ಮೈದಾನ, ಗಾಳಿಯ ಮಿತಿ ಎಲ್ಲ ಬರೆದು ಸಹಿ ಹಾಕಿದೆ. ಶಾಯಿ ಆರಲೆಂದು ಅವರು ಪುಟವನ್ನು ಊದಿದರು. ಮಗಳಿಗೆ ಫೋನ್ ಮಾಡಿದ್ದು ನಾನೇ. ಬಂದಳು, ಬೆಂಚಿನ ತುದಿಯಲ್ಲಿ ಕೂತಳು, ನನ್ನ ಮುಖ ನೋಡಲಿಲ್ಲ.

*

ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಾಗ ಅದರ ಬೆಲ್ಟುಗಳನ್ನು ಬಿಗಿಯಾಗಿ ಕಟ್ಟಬೇಕು, ಸಡಿಲ ಬಿಟ್ಟರೆ ಹಿಡಿಕೆಗೆ ಸಿಕ್ಕಿಕೊಳ್ಳುತ್ತವೆ. ಕಟ್ಟಿದೆ. "ನನ್ನ ತೂಕ ಇರಲ್ಲ, ಬೇಗ ಮೇಲೇಳುತ್ತೆ, ಗಾಬರಿ ಬೀಳ್ಬೇಡಿ," ಎಂದೆ.

"ನಿಮ್ಮ ತೂಕ ಎಷ್ಟು ಅಂತ ಕೇಳೋ ಧೈರ್ಯ ನನಗಿಲ್ಲ," ಎಂದು ಗಾಜಿನ ಮುಚ್ಚಳ ಎಳೆದುಕೊಂಡರು.

ಹಗ್ಗ ಬಿಗಿಯಿತು. ಗ್ಲೈಡರ್ ನಾಲ್ಕು ಮಾರು ಉರುಳಿ ಎದ್ದಿತು.

ಹಗ್ಗ ಕಳಚಿದ ಮೇಲೆ ನನ್ನ ಕೈಯಲ್ಲಿದ್ದ ರೇಡಿಯೋ ಕರಕರ ಎಂದಿತು, ಆಮೇಲೆ ಗಾಳಿಯ ಸದ್ದು, ಆಮೇಲೆ ಅವರ ದನಿ.

"ವೇಗ?"

"ತೊಂಬತ್ತು, ಸರ್."

ಎರಡೂ ಅವರದೇ ದನಿ. ಎರಡನೆಯದು ಸ್ವಲ್ಪ ಎಳೆಯದು, ಸ್ವಲ್ಪ ಹೆದರಿದ್ದು.

ಗ್ಲೈಡರಿನಲ್ಲಿ ರೇಡಿಯೋದಲ್ಲಿ ಮಾತಾಡುವ ಗುಂಡಿ ಬಲಗೈ ಹಿಡಿಕೆಯ ತುದಿಯಲ್ಲಿದೆ. ಒತ್ತಿದರೆ ಮೈದಾನಕ್ಕೆಲ್ಲ ಕೇಳುತ್ತದೆ. ಅದು ಒತ್ತಿದಲ್ಲೇ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ನೆಲದಿಂದ ಯಾರು ಏನು ಕೂಗಿದರೂ ಮೇಲಿನವರಿಗೆ ತಲುಪುವುದಿಲ್ಲ. ನಾನು ಎರಡು ಸಲ ಕರೆದೆ. ಉತ್ತರ ಬರಲಿಲ್ಲ. ಮಗಳು ಎದ್ದು ನನ್ನ ಪಕ್ಕಕ್ಕೆ ಬಂದಳು.

"ಯಾರ ಜೊತೆ ಮಾತಾಡ್ತಿದ್ದಾರೆ?"

ಬಲಗಡೆಯ ಸೀಟಿನ ಆ ಹುಡುಗನ ಜೊತೆ ಎಂದು ಅವಳಿಗೂ ಗೊತ್ತಿತ್ತು.

"ಬಲಗಡೆ ಯಾರಾದ್ರೂ ಇದ್ದಾರಾ ನೋಡು."

"ಯಾರೂ ಇಲ್ಲ, ಸರ್. ತಿರುಗಬಹುದು."

ಗ್ಲೈಡರ್ ಸಲೀಸಾಗಿ ತಿರುಗಿತು. ಬಿಳಿ ರೆಕ್ಕೆ ಬಿಸಿಲಿಗೆ ಒಮ್ಮೆ ಮಿಂಚಿ ಆರಿತು. ಮೈದಾನದ ಪಕ್ಕದ ದಾರಿಗೆ ಬಂದಾಗ ಅದು ತೀರಾ ಮೇಲಿದೆ ಎಂದು ನನ್ನ ಕಣ್ಣಿಗೆ ಗೊತ್ತಾಯಿತು. ಬಿಸಿಲಿಗೆ ಕಾದ ನೆಲದಿಂದ ಎದ್ದ ಗಾಳಿ ಅದನ್ನು ಎತ್ತಿ ಹಿಡಿದಿತ್ತು. ಬ್ರೇಕ್ ತೆಗೆಯಬೇಕಾದ ಜಾಗ ಬಂತು. ರೆಕ್ಕೆಯ ಮೇಲೆ ತಗಡು ಏಳಲಿಲ್ಲ. ರೇಡಿಯೋದ ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬೆಳ್ಳಗಾಗಿತ್ತು. ಹಿಂದಿನ ಸೀಟಿನಲ್ಲಿ ಕೂತು ಬೇಕೆಂದೇ ನುಂಗಿಕೊಂಡಿದ್ದ ಮಾತುಗಳೆಲ್ಲ ಆ ಕ್ಷಣ ಗಂಟಲಿಗೆ ಬಂದವು.

"ಎತ್ತರ ಜಾಸ್ತಿ ಅನ್ಸುತ್ತಾ?"

ಗಾಳಿಯ ಸದ್ದು ಮಾತ್ರ.

"ಹೇಳಪ್ಪ."

"ಜಾಸ್ತಿ ಇದೆ, ಸರ್."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವೇ ಸುಮ್ಮನಿರು ಅಂದಿದ್ರಿ, ಸರ್. ಬೆಳಿಗ್ಗೆ ಏರ್‌ಪೋರ್ಟಿಗೆ ಬರೋ ವ್ಯಾನಲ್ಲಿ."

ರೆಕ್ಕೆಯ ಮೇಲೆ ತಗಡುಗಳು ಎದ್ದವು, ಪೂರ್ತಿ. ಗ್ಲೈಡರ್ ಇಳಿಯತೊಡಗಿತು.

"ಅಂದಿದ್ದೆ. ಡ್ರೈವರ್ ಎದುರಿಗೇ ಅಂದೆ. ಹಿಂದಿನ ದಿನ ನೀನು ನನ್ನ ತಪ್ಪು ತೋರಿಸಿದೆ ಅಂತ ಸಿಟ್ಟು ನನಗೆ. ನಾನು ಕೇಳೋವರೆಗೂ ಬಾಯಿ ಬಿಡಬೇಡ ಅಂದೆ. ನೀನು ಬಿಡಲಿಲ್ಲ. ತನಿಖೆಯವರು ಕೇಳಿದ್ರು, ಯಾಕೆ ಅವನು ಎಚ್ಚರಿಸಲಿಲ್ಲ ಅಂತ. ಗೊತ್ತಿಲ್ಲ ಅಂದೆ ಕಣಪ್ಪ. ಗೊತ್ತಿಲ್ಲ ಅಂದುಬಿಟ್ಟೆ."

ಮಗಳು ನನ್ನ ತೋಳು ಹಿಡಿದಿದ್ದಳು. ಉಗುರು ಚುಚ್ಚುತ್ತಿತ್ತು.

"ಈಗ ಮೂಗು ಎತ್ತಲಾ?"

"ಇನ್ನೂ ಬೇಡ, ಸರ್. ಇನ್ನೂ ಬೇಡ. ಈಗ."

ಚಕ್ರ ಹುಲ್ಲು ಮುಟ್ಟಿದ್ದು ನಮಗೆ ಕಾಣಿಸಿತು, ಕೇಳಿಸಲಿಲ್ಲ. ಅಷ್ಟು ಮೃದುವಾಗಿ ಇಳಿದರು. ಉರುಳಿ ನಿಂತು, ಒಂದು ರೆಕ್ಕೆ ನಿಧಾನವಾಗಿ ನೆಲಕ್ಕೆ ಒರಗಿತು. ರೇಡಿಯೋದಲ್ಲಿ ಉಸಿರಿನ ಸದ್ದು ಇನ್ನೂ ಬರುತ್ತಿತ್ತು. ನಾನು ಆರಿಸಿದೆ.

ಮೈದಾನದ ಆ ತುದಿಯಿಂದ ಹಗ್ಗದಣ್ಣ ಸೈಕಲ್ಲಿನಲ್ಲಿ ಬಂದ. ಅವನ ಹತ್ತಿರವೂ ರೇಡಿಯೋ ಇರುತ್ತದೆ.

"ನಾನೇನೂ ಕೇಳಿಲ್ಲಪ್ಪ. ವಿಂಚಿನ ಗಲಾಟೆ," ಎಂದ.

"ವಿಂಚ್ ಆಗ ನಿಂತಿತ್ತು."

"ನಿಂತಿತ್ತು," ಎಂದು ಒಪ್ಪಿಕೊಂಡು ಟೋಪಿ ತೆಗೆದ. "ಕೇಳಿಸ್ತು ಅಂತ ಅವರಿಗೆ ಹೇಳ್ಬೇಡಕ್ಕ. ಪಾಪ, ಮನಸ್ಸಲ್ಲಿದ್ದದ್ದನ್ನ ಹೊರಗೆ ಹಾಕಿದ್ದಾರೆ. ಅಷ್ಟಕ್ಕೆ ಬಿಟ್ಟುಬಿಡು."

ನಾನು ಗ್ಲೈಡರಿನವರೆಗೆ ನಡೆದೆ. ಇನ್ನೂರು ಹೆಜ್ಜೆಯಿರಬಹುದು. ಅವರು ಮುಚ್ಚಳ ತೆರೆದು, ಬೆಲ್ಟು ಬಿಚ್ಚದೆ ಕೂತಿದ್ದರು. ಮುಖ ಒದ್ದೆಯಾಗಿತ್ತು. ನನ್ನನ್ನು ಕಂಡು, ನಾನು ಅವರಲ್ಲಿ ಒಮ್ಮೆಯೂ ಕಂಡಿರದಂಥ ನಗು ನಕ್ಕರು.

"ಇಳಿಸಿದೆ, ಮೇಡಂ."

ಸುಮ್ಮನಿರುವುದು ಬಹಳ ಸುಲಭವಿತ್ತು. ಭೇಷ್ ಅಂದು, ಕೈಕುಲುಕಿ, ಲಾಗ್‌ಬುಕ್ಕಿನಲ್ಲಿ ಆರು ನಿಮಿಷ ಎಂದು ಬರೆಯಬಹುದಿತ್ತು.

"ಗುಂಡಿ ಸಿಕ್ಕಿಕೊಂಡಿತ್ತು, ಕ್ಯಾಪ್ಟನ್," ಎಂದೆ. "ಎಲ್ಲಾ ಕೇಳಿಸ್ತು."

ಅವರು ಹಿಡಿಕೆ ನೋಡಿದರು. ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿ, ಪಕ್ಕಕ್ಕೆ ತಳ್ಳಿದಾಗ ಅದು ಟಕ್ಕೆಂದು ಮೇಲೆ ಬಂತು.

"ಎಲ್ಲಾ?"

"ವ್ಯಾನಿನ ಮಾತೂ."

"ಮಗಳಿಗೂ?"

"ಅವಳಿಗೂ."

ಅವರು ಬೆಲ್ಟು ಬಿಚ್ಚಿದರು. ಹೊರಗೆ ಬಂದು ರೆಕ್ಕೆಗೆ ಒರಗಿ ನಿಂತು ಹೇಳಿದರು: "ನಿಮಗೆ ಕೇಳಿಸಿ ಏನು ಪ್ರಯೋಜನ? ಅವನಿಗೆ ಒಬ್ಬಳು ತಾಯಿ ಇದ್ದಾಳೆ."

*

ಮುಂದಿನದನ್ನು ನನಗೆ ಹೇಳಿದ್ದು ಮಗಳು, ಫೋನಿನಲ್ಲಿ.

ಅಪ್ಪ ಮಗಳು ಇಬ್ಬರೂ ಹೋಗಿದ್ದರು. ಆ ತಾಯಿ ಒಂದು ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಗೋಡೆಯಲ್ಲಿ ಮಗನ ಫೋಟೋ ಇರಲಿಲ್ಲ. ನೋಡಿದವರು ಕೇಳುತ್ತಾರೆ, ಕೇಳಿದವರಿಗೆ ಏನು ಹೇಳುವುದು ಎಂದು ತೆಗೆದಿಟ್ಟಿದ್ದಳಂತೆ. ಕ್ಯಾಪ್ಟನ್ ನಿಂತುಕೊಂಡೇ ಎಲ್ಲ ಹೇಳಿದರು. ಅವಳು ಯಂತ್ರದ ಸೂಜಿಯ ಕೆಳಗಿದ್ದ ಬಟ್ಟೆಯನ್ನು ತೆಗೆಯಲೂ ಇಲ್ಲ, ಹೊಲಿಯಲೂ ಇಲ್ಲ.

"ಸಣ್ಣವನಿದ್ದಾಗಿಂದ ಎದುರು ಮಾತಾಡ್ತಿದ್ದ," ಎಂದಳಂತೆ ಕೊನೆಗೆ. "ದೊಡ್ಡವರಿಗೆ ಎದುರು ಹೇಳ್ಬೇಡ ಅಂತ ನಾನೇ ಹೊಡೀತಿದ್ದೆ. ಅವನು ಸುಮ್ಮನಿದ್ದ ಅಂತ ಬರೆದಿದ್ದಾರಲ್ಲ, ಅದು ನಾನು ಹೊಡೆದದ್ದಕ್ಕೇ ಅಂತ ಮೂರು ವರ್ಷ ಅಂದ್ಕೊಂಡಿದ್ದೆ."

ಕ್ಷಮಿಸಿ ಎಂದು ಕ್ಯಾಪ್ಟನ್ ಕೇಳಲಿಲ್ಲ. ಅವಳೂ ಆ ಮಾತೆತ್ತಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು ಒಂದೇ ಒಂದು ಕೇಳಿದಳು: "ಬರೆದುಕೊಡಿ. ನೀವು ಬಾಯಲ್ಲಿ ಹೇಳಿದ್ದು ಈ ಕೋಣೆಯಲ್ಲಿ ಉಳಿಯುತ್ತೆ. ಅವನ ಹೆಸರಿನ ಮುಂದೆ ಆ ರಿಪೋರ್ಟೇ ಇರುತ್ತೆ."

ಬರೆದುಕೊಟ್ಟರು. ಎರಡು ಪ್ರತಿ, ಒಂದು ಅವಳಿಗೆ, ಒಂದು ತನಿಖೆಯ ಕಚೇರಿಗೆ.

ತಿಂಗಳು ಕಳೆದ ಮೇಲೆ ಒಂದು ಶನಿವಾರ ಅವರು ಮೈದಾನಕ್ಕೆ ಬಂದರು. ಲಾಗ್‌ಬುಕ್ಕಿನೊಳಗೆ ಮಡಚಿದ ಕಾಗದವಿತ್ತು. ತನಿಖೆಯಲ್ಲಿ ವಿಷಯ ಮುಚ್ಚಿಟ್ಟ ಕಾರಣಕ್ಕೆ ಅವರ ಪೈಲಟ್ ಲೈಸೆನ್ಸ್ ರದ್ದು, ರಿಪೋರ್ಟಿನಲ್ಲಿ ಕೋ-ಪೈಲಟ್ ಮೇಲೆ ತಪ್ಪು ಹೊರಿಸಿದ ಆ ಒಂದು ವಾಕ್ಯ ಮರುಪರಿಶೀಲನೆಗೆ. ಲೈಸೆನ್ಸ್ ಇರುವವರಿಗೆ ಇದ್ದ ಹತ್ತಿರದ ದಾರಿ ಅದರ ಜೊತೆಗೇ ಮುಚ್ಚಿತ್ತು. ನನ್ನ ಸಹಿಯನ್ನು ನಾನೇ ಹೊಡೆದುಹಾಕಬೇಕಾಗಿತ್ತು.

"ಆ ವಾಕ್ಯ ತೆಗೀತಾರಂತಾ?" ಎಂದೆ.

"ಒಂದು ವರ್ಷ ಹಿಡಿಯುತ್ತಂತೆ. ಅವಳಿಗೂ ಕಾಗದ ಬಂದಿದೆ. ಫೋಟೋ ಗೋಡೆಗೆ ಬಂದಿಲ್ಲ ಇನ್ನೂ," ಎಂದರು.

"ಅರವತ್ತು ಪಾಠ ಇದೆ. ಹೊಸಬರ ಹಾಗೆ ಸೇರಬಹುದು, ಕ್ಯಾಪ್ಟನ್. ಅದಕ್ಕೆ ಯಾವ ಲೈಸೆನ್ಸೂ ಬೇಡ."

"ಕಾಗದದ ಹಿಂದುಗಡೆ ನೋಡಿ, ಮೇಡಂ."

ಹಿಂದುಗಡೆ, ಯಾವ ರೀತಿಯ ವಿಮಾನದಲ್ಲೂ ಐದು ವರ್ಷ ಚಾಲಕನಾಗಿಯಾಗಲಿ ಕಲಿಯುವವನಾಗಿಯಾಗಲಿ ಹಾರುವಂತಿಲ್ಲ ಎಂದಿತ್ತು. ಐದು ವರ್ಷ ಎಂದರೆ ಅರವತ್ತಾರು.

ಪೆನ್ನು ತೆಗೆದುಕೊಂಡೆ. ಅನುಮತಿಯ ಮೇಲೆ ಅಡ್ಡಗೆರೆ ಎಳೆದು, ತಾರೀಖು ಹಾಕಿ, ಕಾರಣ ಬರೆಯಬೇಕಿತ್ತು. ಗೆರೆ ಎಳೆದೆ. ತಾರೀಖು ಹಾಕಿದೆ.

"ಕಾರಣ ಏನಂತ ಬರೀಲಿ?"

"ಇದ್ದದ್ದನ್ನೇ ಬರೀರಿ. ಜಾಗ ಸಾಲದಿದ್ರೆ ಚೀಟಿ ಅಂಟಿಸಿ."

ಅಭ್ಯರ್ಥಿಯ ಸ್ವಂತ ಹೇಳಿಕೆಯ ಮೇರೆಗೆ ಎಂದು ಬರೆದೆ. ಅವರು ಓದಿ, ತಲೆಯಾಡಿಸಿ, ಪುಸ್ತಕವನ್ನು ನನ್ನ ಕಡೆಗೇ ತಳ್ಳಿದರು. ಇಟ್ಟುಕೊಳ್ಳಿ, ಮನೆಯಲ್ಲಿ ಬೇಡ ಎಂದರು.

ಹೊರಗೆ ಹಗ್ಗದಣ್ಣ ಕೂಗುತ್ತಿದ್ದ. ಹಗ್ಗವನ್ನು ಈ ತುದಿಗೆ ಎಳೆದು ತರುವ ಟ್ರ್ಯಾಕ್ಟರಿನವನು ಅವತ್ತು ಬಂದಿರಲಿಲ್ಲ. ಮಂಡಿ ವಾಸಿಯಾಗಿ ಮರಳಿದ್ದ ಇನ್ನೊಬ್ಬ ಶಿಕ್ಷಕರ ಜೊತೆ ಹಾರಲು, ಕಲಿಯುವ ಹುಡುಗಿಯರಿಬ್ಬರು ಗ್ಲೈಡರಿನ ಪಕ್ಕದಲ್ಲಿ ಕಾಯುತ್ತಿದ್ದರು.

"ಕ್ಯಾಪ್ಟನ್, ಟ್ರ್ಯಾಕ್ಟರ್ ಓಡಿಸೋಕೆ ಬರುತ್ತಾ, ಇಲ್ಲಾ ಅದಕ್ಕೂ ಒಂದನೇ ಕ್ಲಾಸಾ?"

"ಬರುತ್ತೆ ಕಣಯ್ಯಾ."

ಹೋಗಿ ಹತ್ತಿದರು. ಸಂಜೆಯವರೆಗೆ ಅವರೇ ಹಗ್ಗ ಎಳೆದರು. ಅವತ್ತು ಹದಿನಾಲ್ಕು ಹಾರಾಟ ನಡೆದವು. ಪ್ರತಿ ಸಲ ಹಗ್ಗ ತಂದು ಕೊಕ್ಕೆ ಸಿಕ್ಕಿಸಿ, ಟ್ರ್ಯಾಕ್ಟರನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತಿರುತ್ತಿದ್ದರು. ಗ್ಲೈಡರ್ ನೆಲ ಬಿಡುವಾಗ ಹುಡುಗಿಯರು ಚೀರುತ್ತಿದ್ದರು, ನಾವೆಲ್ಲ ಕತ್ತೆತ್ತುತ್ತಿದ್ದೆವು. ಅವರು ಮಾತ್ರ ಎದುರಿನ ಹುಲ್ಲನ್ನೇ ನೋಡುತ್ತಿದ್ದರು, ಹಗ್ಗ ಕಳಚಿ ಕೆಳಗೆ ಬೀಳುವವರೆಗೆ.